ಕೆಲಸ ಸಿಕ್ಕರೆ ಕಾರ್ಡು ಹೋಗುತ್ತದೆಯೇ?

ಹೋದ ವರ್ಷ ರಂಜಾನ್ ಮುಗಿದು ಸ್ವಲ್ಪ ದಿನವಾಗಿತ್ತು. ನಮ್ಮ ಆಪಾಗೆ ಒಂದೇ ವಾರದಲ್ಲಿ ಎರಡು ಕೆಲಸ ಬಂದವು. ಒಂದು, ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಮತ್ತು ಲೆಕ್ಕ ಬರೆಯುವ ಕೆಲಸ. ಸಂಬಳ ತಿಂಗಳಿಗೆ 13,000 ರೂಪಾಯಿ. ಬ್ಯಾಂಕ್ ಖಾತೆಗೆ ಜಮಾ, ಪಿಎಫ್ ಉಂಟು, ಇಎಸ್‌ಐ ಉಂಟು. ಇನ್ನೊಂದು, ನಮ್ಮ ಮೊಹಲ್ಲಾದ ಹತ್ತಿರವೇ ಇರುವ ಒಂದು ಗೋಡೌನಿನಲ್ಲಿ ಅದೇ ಥರದ ಲೆಕ್ಕದ ಕೆಲಸ. ಸಂಬಳ 9,000. ಕೈಗೆ ನಗದು. ಕಾಗದಪತ್ರ ಏನೂ ಇಲ್ಲ.

ನೀವಾಗಿದ್ದರೆ ಯಾವುದಕ್ಕೆ ಸೇರುತ್ತಿದ್ದಿರಿ? ನಮ್ಮ ಕಾಮರ್ಸ್ ತರಗತಿಯಲ್ಲಿ ಕೇಳಿದರೆ ಎಲ್ಲರೂ ಮೊದಲನೆಯದಕ್ಕೇ ಕೈ ಎತ್ತುತ್ತಾರೆ. ಆದರೆ ಆಪಾ 9,000 ರೂಪಾಯಿಯ ಕೆಲಸಕ್ಕೆ ಸೇರಿದಳು. ಕಾರಣ ಒಂದೇ, ನಮ್ಮ ಮನೆಯ ಬಿಪಿಎಲ್ ಕಾರ್ಡು.

ಈ ವಿಷಯ ಬರೆಯಬೇಕು ಎಂದು ಅನಿಸಿದ್ದು ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ನಡೆದ ಚರ್ಚಾಸ್ಪರ್ಧೆಯ ನಂತರ. ವಿಷಯ ನಿಮಗೆ ನೆನಪಿರಬಹುದು: ಉಚಿತ ಯೋಜನೆಗಳು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತವೆಯೇ? ನಾನು ವಿರೋಧವಾಗಿ ಮಾತಾಡಿ ಎರಡನೇ ಬಹುಮಾನ ಪಡೆದೆ. ಪರವಾಗಿ ಮಾತಾಡಿದವರು ‘ಕೊಟ್ಟರೆ ಜನ ದುಡಿಯುವುದಿಲ್ಲ’ ಎಂದರು. ನಾವು ‘ಬಡವರಿಗೆ ಕೊಡುವುದು ಸರ್ಕಾರದ ಕರ್ತವ್ಯ’ ಎಂದೆವು. ಚಪ್ಪಾಳೆ ಎರಡೂ ಕಡೆ ಬಿತ್ತು. ಮನೆಗೆ ಹೋಗುವಾಗ ನನಗೆ ಅನಿಸಿತು, ನಮ್ಮಿಬ್ಬರಲ್ಲಿ ಯಾರೂ ಆಪಾಳ ವಿಷಯ ಮಾತಾಡಲಿಲ್ಲ. ಆಪಾ ಸೋಮಾರಿ ಅಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಾಳೆ. ಆದರೂ ಒಳ್ಳೆಯ ಕೆಲಸ ಬಿಟ್ಟು ಕೆಟ್ಟ ಕೆಲಸ ಹಿಡಿದಳು. ವೇದಿಕೆಯ ಮೇಲೆ ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ಈಗ ಆಪಾಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟ

ನಮ್ಮ ಮನೆಯಲ್ಲಿ ಐದು ಜನ. ದಾದಿ, ಅಬ್ಬಾ, ಅಮ್ಮಿ, ಆಪಾ ಮತ್ತು ನಾನು. ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅಮ್ಮಿ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾರೆ, ಒಂದು ಸೀರೆಗೆ ಇಷ್ಟು ಎಂದು. ಮದುವೆ ಸೀಸನ್ನಿನಲ್ಲಿ ಕೈ ತುಂಬಾ ಕೆಲಸ. ಮಳೆಗಾಲದಲ್ಲಿ ಭಟ್ಟಿ ಕೆಲಸವೂ ಅರ್ಧಕ್ಕರ್ಧ, ಕುಚ್ಚೂ ಇಲ್ಲ. ವರ್ಷದ ಆದಾಯ ಎಷ್ಟು ಎಂದು ಯಾರಾದರೂ ಕೇಳಿದರೆ ನಿಜವಾಗಿ ನಮಗೇ ಗೊತ್ತಿಲ್ಲ. ಯಾರೂ ಬರೆದಿಟ್ಟಿಲ್ಲ.

ಆದರೆ ಬಿಪಿಎಲ್ ಕಾರ್ಡಿಗೆ ಒಂದು ಗೆರೆ ಇದೆ. ಕರ್ನಾಟಕದಲ್ಲಿ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು. ಅಂದರೆ ಇಡೀ ಮನೆಗೆ ತಿಂಗಳಿಗೆ 10,000 ರೂಪಾಯಿ. ಆಪಾಳ 13,000 ಒಂದೇ ಸಾಕು ಗೆರೆ ದಾಟಲು. ಅದೂ ಬ್ಯಾಂಕಿನಲ್ಲಿ, ಪಿಎಫ್‌ನಲ್ಲಿ, ಆಧಾರ್ ನಂಬರಿನೊಂದಿಗೆ ದಾಖಲಾಗುವ ಹಣ.

ಅಂದು ರಾತ್ರಿ ಅಬ್ಬಾ ನನ್ನ ಕೈಗೇ ಪೆನ್ನು ಕೊಟ್ಟು, ‘ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕು’ ಎಂದರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಹಾಕಿದ ಲೆಕ್ಕ ಹೀಗಿತ್ತು.

ಸಂಬಳ 13,000. ಅದರಲ್ಲಿ ಪಿಎಫ್ ಶೇ. 12, ಅಂದರೆ 1,560 ಹೋಗುತ್ತದೆ. ಇಎಸ್‌ಐ ಶೇ. 0.75, ಸುಮಾರು 98 ಹೋಗುತ್ತದೆ. ಕೈಗೆ ಬರುವುದು 11,342. ಕಾರ್ಡು ಹೋದರೆ ಸೊಸೈಟಿ ಅಕ್ಕಿ ಇಲ್ಲ. ಐದು ಜನರ ಅಕ್ಕಿಯನ್ನು ಅಂಗಡಿಯಲ್ಲಿ ಕೊಂಡರೆ ತಿಂಗಳಿಗೆ ಎರಡು ಸಾವಿರಕ್ಕೆ ಕಡಿಮೆ ಆಗುವುದಿಲ್ಲ. ಉಳಿಯುವುದು 9,342. ಗೋಡೌನಿನ ಕೆಲಸದಲ್ಲಿ 9,000, ಕಾರ್ಡು ಹಾಗೇ ಇರುತ್ತದೆ. ವ್ಯತ್ಯಾಸ 342 ರೂಪಾಯಿ.

ಇಷ್ಟೇ ಆಗಿದ್ದರೆ ಆ 342 ರೂಪಾಯಿಗಾದರೂ ಆಪಾ ಹೋಗುತ್ತಿದ್ದಳೇನೋ. ಆದರೆ ಎರಡು ವರ್ಷದ ಹಿಂದೆ ದಾದಿಗೆ ಹೃದಯದ ತೊಂದರೆಯಾಗಿ ಸ್ಟೆಂಟ್ ಹಾಕಿದ್ದರು. ಖರ್ಚು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಯಿತು. ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಪಾಗೆ ಇಎಸ್‌ಐ ಬಂದರೆ ಅವಳಿಗೆ ಮತ್ತು ಅವಳನ್ನು ಅವಲಂಬಿಸಿದ ತಂದೆ ತಾಯಿಗೆ ಚಿಕಿತ್ಸೆ ಸಿಗಬಹುದು. ಅಜ್ಜಿಗೆ ಸಿಗುವುದಿಲ್ಲ. ದಾದಿಗೆ ಈಗ 66 ವರ್ಷ. ಅಮ್ಮಿ ಹೇಳಿದ್ದು ಒಂದೇ ಮಾತು: ‘ನಾಳೆ ದಾದಿಗೆ ಮತ್ತೆ ಏನಾದರೂ ಆದರೆ ಈ 342 ರೂಪಾಯಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗುವುದಾ?’

ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ‘ಆಪಾಳ ಹೆಸರು ಕಾರ್ಡಿನಿಂದ ತೆಗೆಸಿ, ಬೇರೆ ಮನೆ ಎಂದು ತೋರಿಸಿ’ ಎಂದು ಪಕ್ಕದ ಮನೆಯವರು ದಾರಿ ಹೇಳಿದರು. ಅಬ್ಬಾ ಒಪ್ಪಲಿಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಿ ಬೇರೆ ಮನೆ ಎಂದು ಹೇಗೆ ಬರೆದುಕೊಡುವುದು ಎಂದರು.

ಆ ಲೆಕ್ಕದಲ್ಲಿ ನಾನು ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಬೇಕು. ಪಿಎಫ್ ಹಣವನ್ನು ಖರ್ಚಿನ ಕಡೆ ಬರೆದಿದ್ದೆ. ಅದು ಖರ್ಚಲ್ಲ, ಆಸ್ತಿ. ಆಪಾಳ 1,560ಕ್ಕೆ ಮಾಲೀಕರೂ ಅಷ್ಟೇ ಸೇರಿಸುತ್ತಿದ್ದರು, ಅದರಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತಿತ್ತು. ಹತ್ತು ವರ್ಷ ದುಡಿದಿದ್ದರೆ ಅದೊಂದು ಮೊತ್ತವಾಗುತ್ತಿತ್ತು. ಆದರೆ ಈ ತಿಂಗಳ ಅಕ್ಕಿ ಮತ್ತು ದಾದಿಯ ಹೃದಯ ಕಣ್ಣ ಮುಂದಿರುವಾಗ ಹತ್ತು ವರ್ಷದ ನಂತರದ ಹಣ ಯಾರಿಗೂ ಕಾಣುವುದಿಲ್ಲ. ಬಡವರು ಮುಂದಾಲೋಚನೆ ಮಾಡುವುದಿಲ್ಲ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಕೆಲಸಕ್ಕೆ ಅಲ್ಲ, ಲೆಕ್ಕಕ್ಕೆ ಸಿಗುವ ಕೆಲಸಕ್ಕೆ ದಂಡ

ಗೋಡೌನಿನ ಕೆಲಸಕ್ಕಿಂತ ಬಟ್ಟೆ ಅಂಗಡಿಯ ಕೆಲಸದಲ್ಲಿ ಆಪಾಳ ಕೈಗೆ 2,342 ರೂಪಾಯಿ ಹೆಚ್ಚು ಬರುತ್ತಿತ್ತು. ಅದರಲ್ಲಿ 2,000 ಅಕ್ಕಿಗೇ ಹೋಗುತ್ತಿತ್ತು. ಅಂದರೆ ಹೆಚ್ಚು ದುಡಿದ ಪ್ರತಿ ರೂಪಾಯಿಯಲ್ಲಿ ಸುಮಾರು 85 ಪೈಸೆ ತೆರಿಗೆ ಕಟ್ಟಿದ ಹಾಗೆ. ನಮ್ಮ ದೇಶದಲ್ಲಿ ಕೋಟಿ ಕೋಟಿ ಸಂಪಾದಿಸುವವರ ಮೇಲೆ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿಸಿದರೂ ಆದಾಯ ತೆರಿಗೆ ದರ ಅದರ ಅರ್ಧದ ಆಸುಪಾಸಿನಲ್ಲಿದೆ. ಅವರಿಗೆ ‘ತೆರಿಗೆ ಹೆಚ್ಚಾದರೆ ಉದ್ಯಮ ಮಾಡುವ ಉತ್ಸಾಹ ಹೋಗುತ್ತದೆ’ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ನಮಗೆ ಮಾತ್ರ ‘ಸೋಮಾರಿ’ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಆಪಾ ಈಗಲೂ ದುಡಿಯುತ್ತಿದ್ದಾಳೆ. 9,000 ರೂಪಾಯಿ ಮನೆಗೆ ಬರುತ್ತಿದೆ. ಆದರೆ ಅದು ಯಾವ ಕಾಗದದಲ್ಲೂ ಇಲ್ಲ. ಅಂದರೆ ನಮ್ಮ ವ್ಯವಸ್ಥೆ ಕೆಲಸ ಮಾಡಿದವರಿಗೆ ದಂಡ ಹಾಕುತ್ತಿಲ್ಲ. ಲೆಕ್ಕಕ್ಕೆ ಸಿಗುವ ಕೆಲಸ ಮಾಡಿದವರಿಗೆ ದಂಡ ಹಾಕುತ್ತಿದೆ. ನಗದು ಕೂಲಿ, ಮನೆಯ ಬೀಡಿ, ಅಗರಬತ್ತಿ, ಕುಚ್ಚು, ಇವೆಲ್ಲ ಕಾರ್ಡಿಗೆ ಕಾಣುವುದಿಲ್ಲ. ಸಂಬಳದ ಚೀಟಿ, ಪಿಎಫ್ ನಂಬರು ಕಾಣುತ್ತದೆ. ಹಾಗಾಗಿ ಜನ ಕಾಣದ ಕೆಲಸಕ್ಕೇ ಅಂಟಿಕೊಳ್ಳುತ್ತಾರೆ. ಅಲ್ಲಿ ಕನಿಷ್ಠ ವೇತನ ಇಲ್ಲ, ರಜೆ ಇಲ್ಲ, ಬಡ್ತಿ ಇಲ್ಲ. ಸರ್ಕಾರವೂ ಅಕ್ಕಿ ಕೊಡುತ್ತಲೇ ಇರಬೇಕು. ಯಾರಿಗೂ ಲಾಭವಿಲ್ಲ, ಲಾಭವಾದದ್ದು ಗೋಡೌನಿನ ಮಾಲೀಕರಿಗೆ ಮಾತ್ರ. 13,000ದ ಕೆಲಸವನ್ನು 9,000ಕ್ಕೆ ಮಾಡಿಸಿಕೊಳ್ಳುತ್ತಿದ್ದಾರೆ.

ಇದು ಸಂಬಳದವರ ಕಥೆ ಮಾತ್ರವಲ್ಲ. ನನ್ನ ಸಹಪಾಠಿಯೊಬ್ಬಳ ತಂದೆ ಗುಜರಿ ವ್ಯಾಪಾರಿ. ದೊಡ್ಡ ಖರೀದಿದಾರರು ಜಿಎಸ್‌ಟಿ ಬಿಲ್ ಕೇಳುತ್ತಾರೆ. ನೋಂದಣಿ ಮಾಡಿಸಿದರೆ ವ್ಯಾಪಾರ ಬೆಳೆಯುತ್ತದೆ. ಆದರೆ ಗೃಹಲಕ್ಷ್ಮಿಯ ನಿಯಮದ ಪ್ರಕಾರ ಮನೆಯ ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ತಿಂಗಳ 2,000 ರೂಪಾಯಿ ಸಿಗುವುದಿಲ್ಲ. ವರ್ಷಕ್ಕೆ 24,000. ಲಾಭ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಈ ಹಣ ಹೋಗುವುದು ಮಾತ್ರ ಖಚಿತ. ಅವರು ನೋಂದಣಿ ಮಾಡಿಸಲಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತಲ್ಲ, ಇದೂ ಅದೇ ಭಯ. ಕಂಡರೆ ಕಳೆದುಕೊಳ್ಳುತ್ತೇವೆ ಎಂಬ ಭಯ.

ನಮ್ಮ ಕಾರ್ಡು ನಿಜವಾಗಿಯೂ ರದ್ದಾಗುತ್ತಿತ್ತೇ ಎಂದು ನೀವು ಕೇಳಬಹುದು. ಆಗದೆಯೂ ಇರಬಹುದಿತ್ತು. ಆದರೆ 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದಾಗ ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ನ್ಯಾಯಬೆಲೆ ಅಂಗಡಿಗೆ ಹೋದ ಮೇಲೆ ಕಾರ್ಡು ಇಲ್ಲ ಎಂದು ಗೊತ್ತಾದವರಿದ್ದರು. ಗಲಾಟೆಯಾದ ಮೇಲೆ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ವಾಪಸ್ ಕೊಡಲು ಸರ್ಕಾರವೇ ಹೇಳಬೇಕಾಯಿತು. ಒಮ್ಮೆ ಹೀಗಾದರೆ ಸಾಕು, ಹತ್ತು ಮೊಹಲ್ಲಾಗಳಿಗೆ ಭಯ ಹರಡಲು. ಕಳೆದುಕೊಂಡದ್ದನ್ನು ಮತ್ತೆ ಪಡೆಯಬೇಕಾದರೆ ಎಷ್ಟು ಕಚೇರಿ ಸುತ್ತಬೇಕು ಎಂಬುದು ಜೂನ್ ತಿಂಗಳಲ್ಲಿ ಜಾತಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಮುಂದೆ ನಿಂತ ನಮಗೆಲ್ಲ ಗೊತ್ತು.

ಬೇರೆ ದೇಶಗಳು ಏನು ಮಾಡಿದವು?

ಈ ಸಮಸ್ಯೆ ನಮ್ಮದು ಮಾತ್ರ ಎಂದುಕೊಂಡಿದ್ದೆ. ಅರ್ಥಶಾಸ್ತ್ರದ ಮೇಡಂ ಹತ್ತಿರ ಕೇಳಿದ ಮೇಲೆ, ಲೈಬ್ರರಿಯಲ್ಲಿ ಓದಿದ ಮೇಲೆ ಗೊತ್ತಾಯಿತು, ಕಲ್ಯಾಣ ರಾಜ್ಯ ಎಂದು ನಾವು ಪುಸ್ತಕದಲ್ಲಿ ಓದುವ ಶ್ರೀಮಂತ ದೇಶಗಳೇ ಹಲವು ದಶಕಗಳಿಂದ ಇದೇ ಪ್ರಶ್ನೆಯ ಜೊತೆ ಒದ್ದಾಡುತ್ತಿವೆ. ಜನ ಸರ್ಕಾರದ ನೆರವಿನಿಂದ ಕೆಲಸದ ಕಡೆಗೆ ಬರುವಂತೆ ಮಾಡುವುದು ಹೇಗೆ? ಅವರು ಮುಖ್ಯವಾಗಿ ಎರಡು ದಾರಿ ಹಿಡಿದಿದ್ದಾರೆ. ಒಂದು ಕೋಲು. ಇನ್ನೊಂದು ಇಳಿಜಾರು.

ಕೋಲಿನ ದಾರಿಗೆ ದೊಡ್ಡ ಉದಾಹರಣೆ ಅಮೆರಿಕ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಕಾಲದಲ್ಲಿ ಬಡ ತಾಯಂದಿರಿಗೆ ಕೊಡುತ್ತಿದ್ದ ನೆರವಿನ ಕಾನೂನನ್ನೇ ಬದಲಾಯಿಸಿದರು. ಕೆಲಸ ಮಾಡಲೇಬೇಕು ಎಂಬ ಷರತ್ತು ಬಂತು. ಕೇಂದ್ರ ಸರ್ಕಾರದ ಹಣದಿಂದ ಜೀವನದಲ್ಲಿ ಒಟ್ಟು 60 ತಿಂಗಳು ಮಾತ್ರ ನೆರವು ಎಂಬ ಮಿತಿ ಬಂತು. ಕೆಲವೇ ವರ್ಷಗಳಲ್ಲಿ ನೆರವು ಪಡೆಯುವ ಕುಟುಂಬಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಒಂಟಿ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋದರು. ಇಷ್ಟು ಓದಿದರೆ ಕೋಲು ಗೆದ್ದಿತು ಎನಿಸುತ್ತದೆ.

ಆದರೆ ಅದೇ ಸಮಯದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ದುಡಿಯುವ ಬಡವರಿಗೆ ತೆರಿಗೆಯ ಮೂಲಕ ಹಣ ವಾಪಸ್ ಕೊಡುವ ಯೋಜನೆಯೊಂದು ಅಲ್ಲಿ 1975ರಿಂದ ಇದೆ. 1993ರಲ್ಲಿ ಅದನ್ನು ಬಹಳ ಹೆಚ್ಚಿಸಿದರು. ಅದರ ರಚನೆ ನೋಡಿದರೆ ನಮ್ಮ ಕಾರ್ಡಿಗೆ ತದ್ವಿರುದ್ಧ. ದುಡಿಮೆ ಶೂನ್ಯವಾದರೆ ಏನೂ ಇಲ್ಲ. ದುಡಿಯಲು ಶುರು ಮಾಡಿದರೆ ಸರ್ಕಾರ ಮೇಲಿಂದ ಸ್ವಲ್ಪ ಸೇರಿಸುತ್ತದೆ. ದುಡಿಮೆ ಹೆಚ್ಚಾದ ಹಾಗೆ ಅದೂ ಹೆಚ್ಚುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಅದರ ಜೊತೆಗೆ 1990ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸಗಳೂ ಧಾರಾಳವಾಗಿದ್ದವು. ಹಾಗಾಗಿ ಜನರನ್ನು ಕೆಲಸಕ್ಕೆ ಕಳಿಸಿದ್ದು ಕೋಲು ಒಂದೇ ಎಂದು ಹೇಳಲು ಆಗುವುದಿಲ್ಲ. 2008ರ ಆರ್ಥಿಕ ಕುಸಿತದಲ್ಲಿ ಕೆಲಸಗಳು ಹೋದಾಗ ಕೋಲಿನ ದೋಷ ಕಂಡಿತು. ಹೋಗಲು ಕೆಲಸವೇ ಇಲ್ಲ, ಆದರೂ ನೆರವಿನ ಬಾಗಿಲು ಹೆಚ್ಚಿನವರಿಗೆ ತೆರೆಯಲಿಲ್ಲ.

ಜರ್ಮನಿಯ ಕಥೆಯೂ ಹೀಗೇ ಇದೆ. 2005ರ ಆರಂಭದಲ್ಲಿ ಅಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿತ್ತು. ಆ ವರ್ಷದ ಜನವರಿ 1ರಿಂದ ‘ಹಾರ್ಟ್ಸ್ 4’ ಎಂಬ ಬದಲಾವಣೆ ಜಾರಿಗೆ ಬಂತು. ದೀರ್ಘಕಾಲ ಕೆಲಸವಿಲ್ಲದವರ ಭತ್ಯೆ ಕಡಿಮೆ ಮಾಡಿದರು, ಕೊಟ್ಟ ಕೆಲಸ ಬೇಡ ಎಂದರೆ ಹಣ ಕಡಿತ ಮಾಡಿದರು. ಮುಂದಿನ ವರ್ಷಗಳಲ್ಲಿ ನಿರುದ್ಯೋಗ ಬಹಳ ಇಳಿಯಿತು. ಆದರೆ ಕಡಿಮೆ ಸಂಬಳದ ಕೆಲಸಗಳೂ ಹೆಚ್ಚಾದವು. ಕೊನೆಗೆ 2019ರ ನವೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಶೇ. 30ಕ್ಕಿಂತ ಹೆಚ್ಚು ಕಡಿತ ಮಾಡುವುದು ಮನುಷ್ಯನ ಘನತೆಗೆ ಒಪ್ಪುವುದಿಲ್ಲ ಎಂದು ತೀರ್ಪು ಕೊಟ್ಟಿತು.

ಇಳಿಜಾರಿನ ದಾರಿಗೆ ಉದಾಹರಣೆ ಬ್ರಿಟನ್. ಅಲ್ಲಿ 2013ರಿಂದ ಹಲವು ಭತ್ಯೆಗಳನ್ನು ಸೇರಿಸಿ ‘ಯೂನಿವರ್ಸಲ್ ಕ್ರೆಡಿಟ್’ ಎಂದು ಒಂದೇ ಮಾಡಿದರು. ಕೆಲಸ ಸಿಕ್ಕ ದಿನವೇ ನೆರವು ನಿಲ್ಲುವುದಿಲ್ಲ. ದುಡಿದ ಪ್ರತಿ ಪೌಂಡಿಗೆ ನೆರವಿನಲ್ಲಿ ಇಷ್ಟು ಪೆನ್ನಿ ಎಂದು ಕಡಿಮೆಯಾಗುತ್ತದೆ. ಮೊದಲು 65 ಪೆನ್ನಿ ಕಡಿತವಾಗುತ್ತಿತ್ತು, ಆಮೇಲೆ 63 ಆಯಿತು. 2021ರ ಕೊನೆಯಲ್ಲಿ ಅದನ್ನು 55ಕ್ಕೆ ಇಳಿಸಿದರು. ನಮ್ಮ ಮನೆಯಲ್ಲಿ 85 ಪೈಸೆ ಹೋಗುತ್ತಿತ್ತಲ್ಲ, ಅಲ್ಲಿ 55. ಅದರಲ್ಲೂ ದೋಷಗಳಿವೆ. ಮೊದಲ ಹಣ ಬರಲು ಐದು ವಾರ ಕಾಯಬೇಕು, ಅಷ್ಟರಲ್ಲಿ ಜನ ಸಾಲ ಮಾಡುತ್ತಾರೆ ಎಂಬ ದೂರು ಇದೆ. ಆದರೂ ‘ಕೆಲಸಕ್ಕೆ ಹೋದರೆ ಕೈಯಲ್ಲಿ ಸ್ವಲ್ಪವಾದರೂ ಹೆಚ್ಚು ಉಳಿಯಬೇಕು’ ಎಂಬ ತತ್ವ ಸರಿಯಾದದ್ದು.

ಇನ್ನೊಂದು ಪ್ರಯೋಗ ಫಿನ್‌ಲ್ಯಾಂಡ್‌ನದು. 2017 ಮತ್ತು 2018ರಲ್ಲಿ ಅಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕರೂ ಹಣ ನಿಲ್ಲಿಸಲಿಲ್ಲ. ಚರ್ಚಾಸ್ಪರ್ಧೆಯ ಪರ ತಂಡ ಹೇಳಿದಂತೆ ಇವರೆಲ್ಲ ಮನೆಯಲ್ಲಿ ಮಲಗಬೇಕಿತ್ತು. ಮಲಗಲಿಲ್ಲ. ಬೇರೆ ನಿರುದ್ಯೋಗಿಗಳಿಗಿಂತ ಅವರು ಕೆಲವು ದಿನ ಹೆಚ್ಚೇ ದುಡಿದರು. ವ್ಯತ್ಯಾಸ ತೀರಾ ಚಿಕ್ಕದು, ಅದರಿಂದ ದೊಡ್ಡ ಪವಾಡ ಆಯಿತು ಎಂದು ನಮ್ಮ ತಂಡವೂ ಹೇಳಬಾರದು. ಆದರೆ ಕೈಯಲ್ಲಿ ಸ್ವಲ್ಪ ಹಣ ಇದ್ದ ಮಾತ್ರಕ್ಕೆ ಜನ ದುಡಿಯುವುದನ್ನು ಬಿಡುವುದಿಲ್ಲ ಎಂಬುದು ಮಾತ್ರ ಅದರಿಂದ ಗೊತ್ತಾಯಿತು.

ಹಣ ಒಂದೇ ಸಾಲದು. ಡೆನ್ಮಾರ್ಕಿನಲ್ಲಿ ದುಡಿಯುವ ಹೆಂಗಸರ ಪ್ರಮಾಣ ಏಕೆ ಹೆಚ್ಚು ಎಂದು ಹುಡುಕಿದರೆ ಒಂದು ಉತ್ತರ ಮಕ್ಕಳ ಪಾಲನಾ ಕೇಂದ್ರ. ಅಲ್ಲಿ ಚಿಕ್ಕ ಮಗುವಿಗೂ ಜಾಗ ಕೊಡುವುದು ಸ್ಥಳೀಯ ಆಡಳಿತದ ಹೊಣೆ. ಖರ್ಚಿನಲ್ಲಿ ತಂದೆ ತಾಯಿ ಕೊಡಬೇಕಾದದ್ದು ಹೆಚ್ಚೆಂದರೆ ನಾಲ್ಕನೇ ಒಂದು ಭಾಗ. ನಮ್ಮ ಗಲ್ಲಿಯಲ್ಲಿ ಹೊಲಿಗೆ ಚೆನ್ನಾಗಿ ಬರುವ ಒಬ್ಬ ಖಾಲಾ ಇದ್ದಾರೆ. ಗಾರ್ಮೆಂಟ್ಸಿಗೆ ಹೋಗಲು ಅವರಿಗೆ ಮನಸ್ಸಿದೆ. ಎರಡು ವರ್ಷದ ಮಗುವನ್ನು ಯಾರ ಹತ್ತಿರ ಬಿಡುವುದು? ನಮ್ಮ ರಾಜ್ಯದ ಹಳ್ಳಿಗಳಲ್ಲಿ ‘ಕೂಸಿನ ಮನೆ’ ಶುರುವಾಗಿದೆ. ನಗರದ ನಮ್ಮಂಥ ಗಲ್ಲಿಗಳಿಗೂ ಅದು ಬೇಕು.

ನಮ್ಮಲ್ಲೇ ಇರುವ ಒಳ್ಳೆಯ ಉದಾಹರಣೆ

ಎಲ್ಲವನ್ನೂ ಹೊರಗಿನಿಂದಲೇ ಕಲಿಯಬೇಕಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ನೋಡಿ. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡಬಹುದು. ಕೆಲಸ ಸಿಕ್ಕರೆ ಈ ಸೌಲಭ್ಯ ಹೋಗುವುದಿಲ್ಲ. ಕೆಲಸಕ್ಕೆ ಹೋದರೇ ಅದರ ಉಪಯೋಗ ಹೆಚ್ಚು. ನಮ್ಮ ಗಲ್ಲಿಯಿಂದ ಹರಿಹರದ ಕಡೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಮೊದಲು ಕೂಲಿಯಲ್ಲಿ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು. ಈಗ ಅದು ಉಳಿಯುತ್ತದೆ. ಚರ್ಚೆಯಲ್ಲಿ ಶಕ್ತಿಯನ್ನು ‘ಬಿಟ್ಟಿ’ ಎಂದು ನಗಾಡಿದವರು ಬೆಳಿಗ್ಗೆ ಎಂಟು ಗಂಟೆಯ ಬಸ್ಸು ಹತ್ತಿ ನೋಡಬೇಕು. ಅದರಲ್ಲಿ ಪ್ರವಾಸ ಹೋಗುವವರಿಗಿಂತ ಟಿಫಿನ್ ಡಬ್ಬಿ ಹಿಡಿದವರೇ ಹೆಚ್ಚು.

ಯುವನಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಗರಿಷ್ಠ ಎರಡು ವರ್ಷ. (ಆಪಾ 2022ರಲ್ಲಿ ಬಿ.ಕಾಂ. ಮುಗಿಸಿದಳು. ಯೋಜನೆ 2022-23ರಲ್ಲಿ ಪಾಸಾದವರಿಂದ ಶುರು. ಒಂದೇ ವರ್ಷದಲ್ಲಿ ತಪ್ಪಿಹೋಯಿತು.) ಉದ್ದೇಶ ಒಳ್ಳೆಯದು. ಆದರೆ ಕೆಲಸ ಸಿಕ್ಕ ತಿಂಗಳೇ ಹಣ ನಿಲ್ಲುತ್ತದೆ. ಹೊಸ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಖರ್ಚು ಎಷ್ಟಿರುತ್ತದೆ ಎಂದು ಸೇರಿದವರಿಗೇ ಗೊತ್ತು. ಬಟ್ಟೆ, ಚಪ್ಪಲಿ, ಬೇರೆ ಊರಾದರೆ ಪಿಜಿ ಅಡ್ವಾನ್ಸ್. ಆ ಎರಡು ಮೂರು ತಿಂಗಳಾದರೂ ಹಣ ಮುಂದುವರಿಸಿದರೆ ಅದು ಕೆಲಸಕ್ಕೆ ಹತ್ತುವ ಮೆಟ್ಟಿಲಾಗುತ್ತದೆ.

ನಮ್ಮ ಕಾಲೇಜಿನ ಓದುಗರಿಗೆ ಒಂದು ಘಟನೆಯನ್ನು ನೆನಪಿಸಬೇಕು. ನಾವೆಲ್ಲ ಮದರಸಾದಲ್ಲಿ ಕೇಳಿದ ಘಟನೆಯೇ. ಅನ್ಸಾರಿಗಳಲ್ಲಿ ಒಬ್ಬರು ಪ್ರವಾದಿ(ಸ) ಅವರ ಬಳಿ ನೆರವು ಕೇಳಲು ಬಂದರು. ಮನೆಯಲ್ಲಿ ಏನಿದೆ ಎಂದು ಕೇಳಿ, ಅವರ ಬಟ್ಟೆ ಮತ್ತು ಬಟ್ಟಲನ್ನು ತರಿಸಿ, ಪ್ರವಾದಿ(ಸ) ಅದನ್ನು ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಹಿಡಿ ಹಾಕಿದ್ದು ಸ್ವತಃ ಪ್ರವಾದಿ(ಸ) ಅವರೇ. ಸೌದೆ ಕಡಿದು ಮಾರಿ, ಹದಿನೈದು ದಿನ ಬಿಟ್ಟು ಬಾ ಎಂದು ಕಳಿಸಿದರು. ಅವರು ಹತ್ತು ದಿರ್ಹಮ್ ಸಂಪಾದಿಸಿ ಬಂದರು.

ಈ ಘಟನೆಯನ್ನು ಹೆಚ್ಚಾಗಿ ‘ಬೇಡಬಾರದು, ದುಡಿಯಬೇಕು’ ಎಂದು ಹೇಳಲು ಬಳಸುತ್ತಾರೆ. ಅದು ನಿಜ. ಆದರೆ ಮೊದಲ ದಿರ್ಹಮ್ ಎಲ್ಲಿ ಹೋಯಿತು ಎಂದು ನಾವು ಗಮನಿಸುವುದಿಲ್ಲ. ಅದು ಮನೆಯವರ ಹೊಟ್ಟೆಗೆ ಹೋಯಿತು. ಮನೆಯವರು ಹಸಿದಿರುವಾಗ ಯಾರೂ ಹದಿನೈದು ದಿನ ಕಾಡಿನಲ್ಲಿ ಸೌದೆ ಕಡಿಯಲು ಆಗುವುದಿಲ್ಲ. ಕೊಡಲಿ ಕೊಟ್ಟಿದ್ದೇನೆ, ಇನ್ನು ಆಹಾರ ವಾಪಸ್ ಕೊಡು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ನನ್ನ ಅಭಿಪ್ರಾಯ

ವಿರೋಧಿಸುವವರ ಮಾತಿನಲ್ಲೂ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ರಾಜ್ಯದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50,000 ಕೋಟಿ ರೂಪಾಯಿಗಿಂತ ಹೆಚ್ಚು ಬೇಕು. 2025-26ರ ಬಜೆಟ್ ಒಟ್ಟು 4.09 ಲಕ್ಷ ಕೋಟಿ. ಅಂದರೆ ಸುಮಾರು ಎಂಟನೇ ಒಂದು ಭಾಗ. ಅದು ಸಣ್ಣ ಮೊತ್ತವಲ್ಲ. ಸ್ವಂತ ಕಾರು, ಬಾಡಿಗೆಗೆ ಮೂರು ಮನೆ ಇದ್ದೂ ಬಿಪಿಎಲ್ ಕಾರ್ಡು ಇಟ್ಟುಕೊಂಡವರನ್ನು ನಾನೂ ನೋಡಿದ್ದೇನೆ. ಅಂಥವರ ಕಾರ್ಡು ರದ್ದಾಗಬೇಕು. ಜನ ಜೀವನಪೂರ್ತಿ ನೆರವಿನ ಮೇಲೇ ಇರಬಾರದು ಎಂಬುದನ್ನೂ ಒಪ್ಪುತ್ತೇನೆ. ನನಗೂ ಇರಲು ಇಷ್ಟವಿಲ್ಲ. ನಾನು ಕೇಳುವುದು ಇಷ್ಟೇ, ಹೊರಗೆ ಬರುವ ದಾರಿಯಲ್ಲಿ ಹಳ್ಳ ತೋಡಬೇಡಿ.

ಬ್ರಿಟನ್ನಿನ ವ್ಯವಸ್ಥೆಯನ್ನು ಹಾಗೆಯೇ ಇಲ್ಲಿ ತರಲು ಆಗದು. ಅಲ್ಲಿ ಹೆಚ್ಚಿನವರ ಸಂಬಳದ ಲೆಕ್ಕ ಪ್ರತಿ ತಿಂಗಳು ಸರ್ಕಾರಕ್ಕೆ ತಲುಪುತ್ತದೆ. ನಮ್ಮಲ್ಲಿ ಮಂಡಕ್ಕಿ ಭಟ್ಟಿಯ ಕೂಲಿಯನ್ನು ಯಾರು ಬರೆಯುತ್ತಾರೆ? ಹಾಗಾಗಿ ಸುಲಭವಾಗಿ ಮಾಡಬಹುದಾದ ಮೂರು ಬದಲಾವಣೆಗಳನ್ನು ಹೇಳುತ್ತೇನೆ.

ಮೊದಲನೆಯದು, 1.2 ಲಕ್ಷದ ಗೆರೆಯನ್ನು ಮೇಲೆತ್ತಬೇಕು. ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ವೇತನವನ್ನು ಪೂರ್ತಿ ತಿಂಗಳು ಪಡೆದರೆ ಹೆಚ್ಚಿನ ಕೆಲಸಗಳಲ್ಲಿ 10,000 ದಾಟುತ್ತದೆ. ಅಂದರೆ ಕಾನೂನು ಪ್ರಕಾರ ಸಂಬಳ ಪಡೆಯುವ ಒಬ್ಬರು ಮನೆಯಲ್ಲಿದ್ದರೆ ಆ ಮನೆ ಬಡವರ ಪಟ್ಟಿಯಿಂದ ಹೊರಗೆ. ಒಂದು ಇಲಾಖೆ ‘ಇದಕ್ಕಿಂತ ಕಡಿಮೆಗೆ ದುಡಿಯಬೇಡಿ’ ಎನ್ನುತ್ತದೆ, ಇನ್ನೊಂದು ‘ಇಷ್ಟು ದುಡಿದರೆ ನೀವು ಬಡವರಲ್ಲ’ ಎನ್ನುತ್ತದೆ. ಈ ಗೆರೆಯನ್ನು ಕನಿಷ್ಠ ವೇತನಕ್ಕೇ ಜೋಡಿಸಿದರೆ ಅದು ಏರಿದಾಗ ಇದೂ ಏರುತ್ತದೆ.

ಎರಡನೆಯದು, ಮನೆಯಲ್ಲಿ ಮೊದಲ ಬಾರಿಗೆ ಒಬ್ಬರಿಗೆ ಪಿಎಫ್ ಇರುವ ಕೆಲಸ ಸಿಕ್ಕರೆ ಎರಡು ವರ್ಷ ಕಾರ್ಡನ್ನು ಮುಟ್ಟಬಾರದು. ಇದಕ್ಕೆ ಹೊಸ ಕಚೇರಿ ಬೇಡ, ಹೊಸ ಯಂತ್ರ ಬೇಡ. ಪಿಎಫ್ ದಾಖಲೆಯಲ್ಲಿ ಸೇರಿದ ದಿನಾಂಕ ಇದ್ದೇ ಇದೆ. ಈಗ ಕಾರ್ಡು ಕಸಿಯಲು ಆಧಾರವಾಗುವ ಅದೇ ದಾಖಲೆಯನ್ನು ಎರಡು ವರ್ಷದ ಭರವಸೆ ಕೊಡಲು ಬಳಸಲಿ. ಎರಡು ವರ್ಷದಲ್ಲಿ ಕೆಲಸ ಗಟ್ಟಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೆಲಸ ಹೋದರೆ ಅರ್ಜಿ, ಸರತಿ, ಏಜೆಂಟ್ ಏನೂ ಇಲ್ಲದೆ ಹಳೆಯ ಕಾರ್ಡು ಮುಂದುವರಿಯಬೇಕು.

ಮೂರನೆಯದು, ಆಸ್ಪತ್ರೆಯನ್ನು ಅಕ್ಕಿಯಿಂದ ಬೇರೆ ಮಾಡಬೇಕು. ಅಕ್ಕಿ ಹೋದರೆ ಹೇಗೋ ಕೊಳ್ಳಬಹುದು. ಒಂದು ಸ್ಟೆಂಟ್ ಕೊಳ್ಳಲು ಆಗುವುದಿಲ್ಲ. ಬಡತನದ ಗೆರೆಯಿಂದ ಸ್ವಲ್ಪ ಮೇಲೆ ಬಂದ ಕುಟುಂಬವನ್ನು ಮತ್ತೆ ಕೆಳಗೆ ತಳ್ಳುವುದು ಹೆಚ್ಚಾಗಿ ಒಂದು ಕಾಯಿಲೆಯೇ. ಹಾಗಿರುವಾಗ ಮೇಲೆ ಬಂದ ಕೂಡಲೇ ಆ ರಕ್ಷಣೆಯನ್ನೇ ತೆಗೆದರೆ ಯಾರು ಮೇಲೆ ಬರಲು ಧೈರ್ಯ ಮಾಡುತ್ತಾರೆ? ನಮ್ಮ ಮನೆಯಲ್ಲಿ ಅಂದು ರಾತ್ರಿ ತೀರ್ಮಾನ ಮಾಡಿದ್ದು ಅಕ್ಕಿಯಲ್ಲ, ದಾದಿಯ ಸ್ಟೆಂಟು.

ಸ್ನೇಹಿತರೇ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಈ ಕಾರ್ಡು ಇದೆ. ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಜೋಡಿಸುವಾಗ ಒಬ್ಬರ ಮುಖ ಒಬ್ಬರು ನೋಡದೆ ಫೈಲಿನಲ್ಲಿ ಇಡುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಇನ್ನು ಮೂರು ನಾಲ್ಕು ವರ್ಷದಲ್ಲಿ ನಾವೇ ಮನೆಯ ಮೊದಲ ಸಂಬಳದವರು ಆಗುತ್ತೇವೆ. ಆಗ ನಮ್ಮ ಮುಂದೆಯೂ ಎರಡು ಕೆಲಸ ಇರಬಹುದು, ಒಂದು ಬೆಳಕಿನಲ್ಲಿ, ಒಂದು ಕತ್ತಲಲ್ಲಿ.

ಮೊನ್ನೆ ಆ ಬಟ್ಟೆ ಅಂಗಡಿಯ ಮುಂದೆ ಹೋಗುವಾಗ ಕೌಂಟರಿನಲ್ಲಿ ಕೂತ ಹುಡುಗಿಯನ್ನು ತೋರಿಸಿ ಆಪಾ ಹೇಳಿದಳು: ‘ಅವಳಿಗೆ ಈಗ 15,000 ಅಂತೆ.’ ಅಷ್ಟೇ ಹೇಳಿ ನಡೆಯತೊಡಗಿದಳು. ಅವಳ ಸಂಬಳ ಈಗಲೂ 9,000. ಆ ನೋಟ್‌ಬುಕ್ಕಿನ ಕೊನೆಯ ಪುಟವನ್ನು ನಾನು ಹರಿದು ಹಾಕಿಲ್ಲ. ಲೆಕ್ಕ ತಪ್ಪಾಗಿದ್ದರೆ ತೋರಿಸಿ, ಮುಂದಿನ ಸಂಚಿಕೆಗೆ ಬರೆಯಿರಿ. ಸರಿಯಾಗಿದ್ದರೆ, ಮುಂದಿನ ಸಲ ಯಾರಾದರೂ ‘ಬಿಟ್ಟಿ ಅಕ್ಕಿ ತಿಂದು ಸೋಮಾರಿಗಳಾದರು’ ಎಂದಾಗ ಅವರಿಗೆ ಒಂದು ಪ್ರಶ್ನೆ ಕೇಳಿ: ಕೆಲಸ ಸಿಕ್ಕ ದಿನ ಆ ಮನೆಯಿಂದ ಏನೇನು ಹೋಗುತ್ತದೆ ಎಂದು ನೀವು ಒಮ್ಮೆಯಾದರೂ ಲೆಕ್ಕ ಹಾಕಿದ್ದೀರಾ?